ವಾಪಸು ಬಂದ ಫ್ಲಾಸ್ಕು

ನನ್ನ ಅಡುಗೆಮನೆ ಆಸ್ಪತ್ರೆಯ ನೆಲದಡಿ,
ಎಡಕ್ಕೆ ಲಾಂಡ್ರಿ, ಬಲಕ್ಕೆ ಶವಾಗಾರ.
ರಾತ್ರಿ ಪಾಳಿಯಲ್ಲಿ ಕುಚ್ಚಲಕ್ಕಿ ಗೋಣಿಯ ಮೇಲೆ ಕೂತು
ಬಾಡಿಗೆ ಕಾದಂಬರಿ ಓದುತ್ತೇನೆ.
ಎಲ್ಲ ಆಸ್ಪತ್ರೆಯ ಕೊಲೆಗಳೇ, ಬೇರೆಯದು ಹಿಡಿಸುವುದಿಲ್ಲ.
ಅದರಲ್ಲಿ ಕೈಗವಸು ಹಾಕಿದವನೊಬ್ಬ ಇರುತ್ತಾನೆ,
ಸಿರಿಂಜು ಇರುತ್ತದೆ, ಸರಿಯಾದ ಹೊತ್ತಿಗೆ ಕರೆಂಟು ಹೋಗುತ್ತದೆ.
ನಮ್ಮಲ್ಲಿ ಕರೆಂಟು ಹೋಗುವುದಿಲ್ಲ. ಜನರೇಟರು ದೊಡ್ಡದು.

ಮೂಗಿನ ನಳಿಗೆಯಲ್ಲಿ ಉಣ್ಣುವವರಿಗೆ
ರಾಗಿ, ಹೆಸರುಬೇಳೆ ಬೇಯಿಸಿ, ಅರೆದು, ಎರಡು ಸಲ ಸೋಸಿ
ಇನ್ನೂರು ಎಂಎಲ್, ಎರಡು ಗಂಟೆಗೊಮ್ಮೆ.
ಫ್ಲಾಸ್ಕಿನ ಮೇಲೆ ಚೀಟಿ: ಹೆಸರು, ಹಾಸಿಗೆ, ಹೊತ್ತು.
ಐಸಿಯು ಹದಿನಾಲ್ಕು, ಲೋಹಿತಾಕ್ಷ ಪುತ್ರನ್, ಬೆಂಗ್ರೆ.
ಉಣ್ಣುವವನ ಮುಖ ನಾನು ನೋಡಿದವಳಲ್ಲ.
ಆದರೆ ಖಾಲಿ ಫ್ಲಾಸ್ಕಿಗೂ ಒಂದು ತೂಕ ಉಂಟು,
ಕೈಗೆ ಗೊತ್ತಾಗುತ್ತದೆ.

ಮಂಗಳವಾರ ಬೆಳಗಿನ ಜಾವ ನಾಲ್ಕರದ್ದು
ತುಂಬಿದ ಹಾಗೆಯೇ ಇಳಿದು ಬಂತು.
ಆರರದ್ದೂ, ಎಂಟರದ್ದೂ.
ಮುಚ್ಚಳ ತಿರುಗಿಸಿದರೆ ಕೆನೆಗಟ್ಟಿದ ರಾಗಿ, ಯಾರೂ ಒಡೆಯದ ಕೆನೆ.
ಹೊಟ್ಟೆ ತಗೊಳ್ಳದಿದ್ದರೆ ನಿಲ್ಲಿಸುತ್ತಾರೆ, ಅದು ನನಗೆ ಗೊತ್ತುಂಟು,
ಹದಿನೇಳು ವರ್ಷ ಆಯಿತು ಇಲ್ಲಿ.
ನಿಲ್ಲಿಸಿದರೆ ಹಳದಿ ಚೀಟಿ ಬರುತ್ತದೆ. ಬರಲಿಲ್ಲ.
ಬಂದದ್ದು ಮರುದಿನದ ಆರ್ಡರು:
ಹದಿನಾಲ್ಕಕ್ಕೆ ಹನ್ನೆರಡು ಫ್ಲಾಸ್ಕು, ಪ್ರೊಟೀನ್ ಪುಡಿ ಸೇರಿಸಿ.
ಆ ಪುಡಿಯ ಡಬ್ಬಕ್ಕೆ ಎಷ್ಟೆಂದು ಕೇಳಬೇಡಿ.

"ಹದಿನಾಲ್ಕು ಎಂತ ಮಾರಾಯ?" ಎಂದೆ ಲಿಫ್ಟಿನ ಸುಕೇಶನಿಗೆ.
"ಪರದೆ ಎಳೆದಿದ್ದಾರೆ ಬಾಯಿ. ಮಿಶನಿನ ಶಬ್ದ ಉಂಟು"
ಎಂದು ಟ್ರಾಲಿ ತಿರುಗಿಸಿದ.

ಬುಧವಾರ ಪಾಳಿ ಮುಗಿಯುವ ಹೊತ್ತಿಗೆ
ಕಿಟಕಿಗೆ ಅವಳೇ ಬಂದಳು, ಸುಗಂಧಿ.
ದೋಣಿ ದಾಟಿ ಬಂದ ಸೀರೆಯ ಅಂಚು ಒದ್ದೆ,
ಕರಿಮಣಿಯ ಚಿನ್ನ ಹೋಗಿ ನೂಲು ಬಂದಿತ್ತು.
"ಅವರು ಉಂಡರಾ ಅಕ್ಕ?
ಮೇಲೆ ಕೇಳಿದರೆ ಇಂಪ್ರೂವ್‌ಮೆಂಟ್ ಉಂಟು ಅನ್ನುತ್ತಾರೆ."
ನನ್ನ ಬೆನ್ನ ಹಿಂದೆ ಸಿಂಕಿನಲ್ಲಿ ಆರು ಫ್ಲಾಸ್ಕು.
"ಕಳಿಸಿದ್ದೇನೆ" ಎಂದೆ.
ಸುಳ್ಳಲ್ಲ. ಅದೇ ಕಷ್ಟ.

ಶುಕ್ರವಾರ ಹನ್ನೊಂದೂವರೆಗೆ ತೀರಿಕೊಂಡರೆಂದು ಬರೆದರು.
ಬಾಕಿ ಕಟ್ಟಿದ ರಸೀದಿ ಹನ್ನೊಂದೂ ಇಪ್ಪತ್ತರದ್ದು.

ನನ್ನ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ
ಇಪ್ಪತ್ತೊಂದು ಕಡೆ 'ವಾಪಸು' ಎಂದಿತ್ತು.
ಶನಿವಾರ ಅದೇ ಮೊಳೆಗೆ ಹೊಸ ರಿಜಿಸ್ಟರು ನೇತಾಡುತ್ತಿತ್ತು,
ಹಳೇ ತಾರೀಕುಗಳು, ಎಲ್ಲದಕ್ಕೂ 'ಕೊಡಲಾಗಿದೆ',
ಕೆಳಗೆ ಬೆನೆಡಿಕ್ಟಾ ಲಸ್ರಾದೊ, ಅಚ್ಚುಕಟ್ಟಾದ ಸಹಿ,
'ಸ್ರ'ದ ಒತ್ತಿಗೆ ಒಂದು ಉದ್ದ ಬಾಲ.
ನಾನು ಬಾಲ ಎಳೆದವಳಲ್ಲ ಯಾವತ್ತೂ.
ರಾತ್ರಿಯಲ್ಲಿ ಅಷ್ಟು ಪುರುಸೊತ್ತು ಎಲ್ಲಿ?

ಕಾದಂಬರಿಯಲ್ಲಾದರೆ ನನ್ನಂಥವಳು
ನೂರೆಂಬತ್ತನೇ ಪುಟಕ್ಕೆ ಲಿಫ್ಟಿನ ಗುಂಡಿಗೆ ಬೀಳುತ್ತಾಳೆ.
ಇಲ್ಲಿ ಹಾಗೇನಿಲ್ಲ. ಸಂಬಳ ಮುನ್ನೂರು ರೂಪಾಯಿ ಹೆಚ್ಚಾಯಿತು.

ಆದರೆ ಫ್ಲಾಸ್ಕು ತೊಳೆಯುವಾಗ ಬಿಡಿಸಿದ ಚೀಟಿಗಳನ್ನು
ಎಲ್ಲಿ ಅಂಟಿಸುವುದು, ಕೈಗೆ ಸಿಕ್ಕಿದ ಪುಸ್ತಕಕ್ಕೆ ಅಂಟಿಸಿದ್ದೆ.
ಹೆಸರು, ಹಾಸಿಗೆ, ಹೊತ್ತು,
ಇನ್‌ಸ್ಪೆಕ್ಟರನ ಮಾತಿನ ನಡುವೆ, ವಿಷದ ಬಾಟಲಿಯ ಪಕ್ಕ.
ಪುಸ್ತಕ ಅಂಗಡಿಗೆ ಮರಳಿಸಿಲ್ಲ,
ದಿನಕ್ಕೆರಡು ರೂಪಾಯಿ ದಂಡ ಏರುತ್ತಾ ಉಂಟು.

ಕೋರ್ಟು, ಪೊಲೀಸು ನನಗೆ ತಿಳಿಯದು.
ತಲೆಯಲ್ಲಿ ಕೊರೆಯುವುದು ಇಷ್ಟೇ:
ಬೆಂಗ್ರೆಯಲ್ಲಿ ಅವಳು ಬೊಜ್ಜಕ್ಕೆ ದಿನ ಎಣಿಸುತ್ತಿದ್ದಾಳೆ
ಶುಕ್ರವಾರದಿಂದ.
ಹಣ ಹೋಗಲಿ, ಸತ್ತವನ ದಿನವನ್ನೂ
ಬಿಲ್ಲಿಗೆ ಸೇರಿಸಿಕೊಂಡರು.

ಇವತ್ತು ನನಗೆ ರಜೆ.
ಹಳೆ ಬಂದರಿನ ಕಟ್ಟೆಯಲ್ಲಿ ದೋಣಿಗೆ ಕಾಯುತ್ತಿದ್ದೇನೆ,
ಪುಸ್ತಕ ಮಡಚಿದ ಕೊಡೆಯ ಒಳಗೆ.
ಪಕ್ಕದ ಹೆಂಗಸು ಖಾಲಿ ಬೂತಾಯಿ ಬುಟ್ಟಿ ಇಳಿಸಿ ಕೇಳುತ್ತಾಳೆ,
ಆಚೆ ಯಾರ ಮನೆಗೆ ಬಾಯಿ?
ಮನೆ ಹೇಳಿದೆ. ಮುಂದಿನದು ಇನ್ನೂ ಜೋಡಿಸಿಕೊಂಡಿಲ್ಲ.
ಮೊದಲ ಮಾತು ಮಾತ್ರ ಗೊತ್ತುಂಟು:
ಮಂಗಳವಾರ.